ಹಾಡಿಯಲ್ಲಿ (ಊರ ಪಕ್ಕದ ಕಾಡಿನಲ್ಲಿ) ಮಂಗ ಸತ್ತು ಬಿದ್ದಿದೆ, ಏನು ಮಾಡಬೇಕು? ಮಂಗನ ಕಾಯಿಲೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಬಂತೆಂದರೆ ಬೈಂದೂರು, ಕುಂದಾಪುರ, ಹೆಬ್ರಿ, ಕಾರ್ಕಳ, ಬೆಳ್ತಂಗಡಿ ಕಡೆಯಿಂದ ಒಂದೇ ಥರದ ಪ್ರಶ್ನೆಗಳು ಶುರುವಾಗುತ್ತವೆ. ತೋಟದ ಬದಿಯಲ್ಲಿ ಮಂಗ ಸತ್ತಿದೆ, ಹೂಳಬಹುದಾ? ನಾಯಿ ಹೋಗಿ ಮೂಸಿ ಬಂತು, ತೊಂದರೆ ಉಂಟಾ? ಮಂಗನ ಕಾಯಿಲೆ ಅಂದರೆ ಉಣ್ಣಿ ಕಚ್ಚಿ ಹರಡುವ ಒಂದು ವೈರಸ್ ಜ್ವರ, ಮಂಗಗಳಿಗೂ ಬರುತ್ತದೆ, ನಮಗೂ ಬರುತ್ತದೆ. ಎಲ್ಲ ಉತ್ತರಗಳನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟು ನೆನಪಿಡಿ: ಮುಟ್ಟಬೇಡಿ, ಹತ್ತಿರ ಹೋಗಬೇಡಿ, ಅದೇ ದಿನ ಫೋನ್ ಮಾಡಿ.

ಸತ್ತ ಮಂಗ ಕಣ್ಣಿಗೆ ಬಿತ್ತು. ಮೊದಲು ಏನು ಮಾಡಲಿ?

ಇದ್ದಲ್ಲೇ ನಿಲ್ಲಿ. ಹತ್ತಿರ ಹೋಗಿ ಕೋಲಿನಿಂದ ತಿರುಗಿಸಿ ನೋಡುವುದು ಬೇಡ. ದೂರದಿಂದಲೇ ಒಂದು ಫೋಟೋ ತೆಗೆಯಿರಿ, ಮೊಬೈಲ್‌ನಲ್ಲಿ ಲೊಕೇಶನ್ ಉಳಿಸಿಕೊಳ್ಳಿ, ವಾಪಸ್ ಬನ್ನಿ. ಆಮೇಲೆ ಫೋನ್. ಅರಣ್ಯ ಇಲಾಖೆಯ ಸಹಾಯವಾಣಿ 1926, ಪಶುಪಾಲನಾ ಇಲಾಖೆಯದ್ದು 1962, ಆರೋಗ್ಯದ್ದು 104. ನಂಬರ್ ಹತ್ತಲಿಲ್ಲ ಅಂದರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆ, ಪಂಚಾಯತ್ ಪಿಡಿಒ, ಗಸ್ತಿಗೆ ಬರುವ ಫಾರೆಸ್ಟ್ ಗಾರ್ಡ್, ಪ್ರಾಥಮಿಕ ಆರೋಗ್ಯ ಕೇಂದ್ರ, ಯಾರಿಗೆ ಹೇಳಿದರೂ ಆಗುತ್ತದೆ. ಹೇಳುವಾಗ ಜಾಗ ಸರಿಯಾಗಿ ಹೇಳಿ. ಒಂದೇ ಮಂಗವಾ, ಜಾಸ್ತಿ ಉಂಟಾ? ಈಗಷ್ಟೇ ಸತ್ತದ್ದಾ, ವಾಸನೆ ಬಂದಿದೆಯಾ? ಕೆಂಪು ಮುಖದ ಸಾಮಾನ್ಯ ಮಂಗವಾ ಅಥವಾ ಕಪ್ಪು ಮುಖದ ಉದ್ದ ಬಾಲದ ಮುಸುವವಾ? ಇಷ್ಟು ಗೊತ್ತಾದರೆ ಬರುವವರಿಗೆ ತಯಾರಿ ಸುಲಭ.

ಅವರು ಬರುವ ತನಕ ಮಕ್ಕಳು, ನಾಯಿ, ದನ ಆ ಕಡೆ ಹೋಗದಂತೆ ನೋಡಿಕೊಳ್ಳಿ. ಈಗಾಗಲೇ ನೀವು ಹತ್ತಿರ ಹೋಗಿ ನಿಂತಿದ್ದರೆ ಗಾಬರಿ ಬೇಡ. ಮನೆಗೆ ಬಂದು ಬಟ್ಟೆ ಬಿಚ್ಚಿ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಮೈಯಲ್ಲಿ ಉಣ್ಣಿ ಇದೆಯಾ ಅಂತ ಹುಡುಕಿ. ಮುಂದಿನ ಹತ್ತು ಹದಿನೈದು ದಿನ ಜ್ವರದ ಕಡೆ ಗಮನ ಇರಲಿ.

ಹೆಣದಲ್ಲಿ ಅಷ್ಟೊಂದು ಅಪಾಯ ಏನಿದೆ?

ಕಾಯಿಲೆಯಿಂದ ಸತ್ತ ಮಂಗವನ್ನು ಮುಟ್ಟುವುದೂ ಅಪಾಯವೇ, ಆದರೆ ಮುಖ್ಯ ಅಪಾಯ ಅದರ ಮೈಮೇಲಿದ್ದ ಉಣ್ಣಿಗಳಲ್ಲಿ ಇದೆ. ಕೆಲವರು ಉಣುಗು ಅನ್ನುತ್ತಾರೆ. ಜೀವ ಹೋದ ಮೇಲೆ ಮೈ ತಣ್ಣಗಾಗುತ್ತದೆ, ಉಣ್ಣಿಗಳು ಇಳಿದು ಸುತ್ತಲಿನ ತರಗೆಲೆ, ಹುಲ್ಲಿಗೆ ಸೇರಿ ಮುಂದೆ ಯಾರು ಬರುತ್ತಾರೆ ಅಂತ ಕಾಯುತ್ತವೆ. ಮಂಗಕ್ಕೆ ಕಾಯಿಲೆ ಇದ್ದಿದ್ದರೆ ಅದರ ರಕ್ತ ಹೀರಿದ ಉಣ್ಣಿಯಲ್ಲೂ ವೈರಸ್ ಇರುತ್ತದೆ. ಅದಕ್ಕೇ ಆ ಒಂದು ತುಂಡು ಜಾಗ ಉಳಿದ ಕಾಡಿಗಿಂತ ಜಾಸ್ತಿ ಅಪಾಯ.

ಸುಮ್ನೆ ಹೂತು ಹಾಕಿದರೆ ಮುಗಿಯಿತಲ್ವಾ?

ಮುಗಿಯುವುದಿಲ್ಲ. ಇದು ನಮ್ಮ ಕಡೆ ಸ್ವಲ್ಪ ಸೂಕ್ಷ್ಮವಾದ ವಿಷಯ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಮಂಗ ಸತ್ತರೆ ಹನುಮಂತ ದೇವರ ಅಂಶ ಅಂತ ಬಿಳಿ ಬಟ್ಟೆ ಹೊದಿಸಿ, ಹೂ ಹಾಕಿ, ಕೈಮುಗಿದು ಮಣ್ಣು ಮಾಡುವವರು ತುಂಬಾ ಜನ ಇದ್ದಾರೆ. ಆ ಭಾವನೆ ದೊಡ್ಡದು. ಸತ್ತ ಪ್ರಾಣಿಯನ್ನು ಎತ್ತಿ ಎಸೆಯುವ ಬದಲು ಗೌರವ ಕೊಡುವ ಊರು ನಮ್ಮದು ಅನ್ನುವುದು ನನಗೆ ಹೆಮ್ಮೆಯೇ. ಆದರೆ ಕೈಯಿಂದ ಎತ್ತಿದರೆ ಎತ್ತಿದವರ ಮೈಗೆ ಉಣ್ಣಿ ಹತ್ತುತ್ತದೆ. ಹೂತುಬಿಟ್ಟರೆ ಪರೀಕ್ಷೆಗೆ ಏನೂ ಸಿಗುವುದಿಲ್ಲ. ಅದು ಯಾಕೆ ಸತ್ತಿತು ಅಂತ ಗೊತ್ತಾಗದೆ ಹೋದರೆ ಅದೇ ಗುಂಪಿನ ಉಳಿದ ಮಂಗಗಳಿಗೂ, ಅದೇ ಹಾಡಿಗೆ ಸೊಪ್ಪಿಗೆ ಹೋಗುವ ಹೆಂಗಸರಿಗೂ ಎಚ್ಚರಿಕೆ ಕೊಡುವವರು ಯಾರು? ದೂರದಿಂದ ಕೈಮುಗಿಯಿರಿ. ಉಳಿದದ್ದನ್ನು ಪಶು ವೈದ್ಯರು ಮಾಡಲಿ.

ಫೋನ್ ಮಾಡಿದ ಮೇಲೆ ಏನಾಗುತ್ತದೆ? ಬರುತ್ತಾರಾ?

ಬರಬೇಕು. ತಡವಾದರೆ ಮತ್ತೆ ಮತ್ತೆ ಫೋನ್ ಮಾಡಿ, ಮುಜುಗರ ಬೇಡ. ಸಾಮಾನ್ಯವಾಗಿ ಅರಣ್ಯ ಸಿಬ್ಬಂದಿ, ಪಶು ವೈದ್ಯರು, ಆರೋಗ್ಯ ಸಿಬ್ಬಂದಿ ಮೂವರೂ ಸೇರಿ ಮಾಡುವ ಕೆಲಸ ಇದು. ವೈದ್ಯರು ಮೈತುಂಬ ರಕ್ಷಣಾ ಉಡುಪು ಹಾಕಿಕೊಂಡು ಅಲ್ಲೇ ಮರಣೋತ್ತರ ಪರೀಕ್ಷೆ ಮಾಡಿ ಒಳಗಿನ ಅಂಗಗಳ ಸ್ಯಾಂಪಲ್ ತೆಗೆಯುತ್ತಾರೆ. ಅದು ತಣ್ಣಗಿನ ಪೆಟ್ಟಿಗೆಯಲ್ಲಿ ಲ್ಯಾಬ್‌ಗೆ ಹೋಗುತ್ತದೆ. ಶಿವಮೊಗ್ಗದಲ್ಲಿ ಇದಕ್ಕಾಗಿಯೇ ವೈರಸ್ ಪತ್ತೆ ಪ್ರಯೋಗಾಲಯ ಇದೆ, ಪುಣೆಯಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆ ಇದೆ. ಹೆಣವನ್ನು ಸುಟ್ಟು, ಸುತ್ತಲೂ ಉಣ್ಣಿ ಸಾಯುವ ಪುಡಿ ಹಾಕುತ್ತಾರೆ. ಬಿಳಿ ಬಟ್ಟೆಯನ್ನು ನೆಲದ ಮೇಲೆ ಎಳೆದು, ಅದಕ್ಕೆ ಹತ್ತಿದ ಉಣ್ಣಿಗಳನ್ನು ಹೆಕ್ಕಿ ಅವನ್ನೂ ಪರೀಕ್ಷೆಗೆ ಕಳಿಸುತ್ತಾರೆ. ಸುತ್ತಲಿನ ಮನೆಗಳಲ್ಲಿ ಯಾರಿಗಾದರೂ ಜ್ವರ ಇದೆಯಾ ಅಂತ ಆಶಾ ಕಾರ್ಯಕರ್ತೆಯರು ಕೇಳಿಕೊಂಡು ಬರುತ್ತಾರೆ.

ಇದೆಲ್ಲ ನಿಂತಿರುವುದು ಹೆಣ ಎಷ್ಟು ಬೇಗ ಸಿಕ್ಕಿತು ಅನ್ನುವುದರ ಮೇಲೆ. ನಮ್ಮ ಸೆಕೆಗೆ ಒಂದೆರಡು ದಿನದಲ್ಲಿ ಕೊಳೆತು ಹೋಗುತ್ತದೆ, ಕೊಳೆತರೆ ಸ್ಯಾಂಪಲ್ ತೆಗೆದರೂ ಫಲಿತಾಂಶ ಸಿಗುವುದು ಕಷ್ಟ. ಹಾಗಂತ ಕೊಳೆತದ್ದು ಕಂಡರೆ ಹೇಳದೆ ಇರಬೇಡಿ. ಪರೀಕ್ಷೆ ಆಗದಿದ್ದರೂ ಪುಡಿ ಹಾಕಿ ಆ ದಾರಿಗೆ ಜನ ಹೋಗದಂತೆ ಮಾಡಬಹುದು.

ಈ ಕಾಯಿಲೆ ಎಲ್ಲಿಂದ ಬಂತು?

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಲುಸಾಲಾಗಿ ಸತ್ತವು. ಅದೇ ಹೊತ್ತಿಗೆ ಹಳ್ಳಿಯವರಿಗೂ ಕೆಟ್ಟ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಮೊದಲು ಹಳದಿ ಜ್ವರ ನಮ್ಮ ದೇಶಕ್ಕೆ ನುಗ್ಗಿತಾ ಅಂತ ಸಂಶಯ ಪಟ್ಟರು, ಆಮೇಲೆ ಇದು ಉಣ್ಣಿಯಿಂದ ಹರಡುವ ಬೇರೆಯೇ ವೈರಸ್ ಅಂತ ಗೊತ್ತಾಯಿತು. ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ ಅಂತ ಹೆಸರಾಯಿತು. ತುಂಬಾ ವರ್ಷ ನಮ್ಮ ರಾಜ್ಯದ ನಾಲ್ಕೈದು ಜಿಲ್ಲೆಗಳ ಒಳಗೇ ಇತ್ತು. 2012ರ ನಂತರ ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ, ಹೀಗೆ ಪಶ್ಚಿಮ ಘಟ್ಟದ ಉದ್ದಕ್ಕೂ ಕಾಣಿಸಿಕೊಂಡಿತು.

ಅದು ಘಟ್ಟದ ಮೇಲಿನವರ ಕಾಯಿಲೆ ಅಲ್ವಾ? ನಮ್ಮಲ್ಲಿ ಎಲ್ಲಿ ಉಂಟು?

ಈ ಮಾತು ಕೇಳಿದರೆ ನನಗೆ ಬೇಸರ ಆಗುತ್ತದೆ, ಯಾಕೆಂದರೆ ನಾವು ಬೇಗ ಮರೆತಿದ್ದೇವೆ. 1982-83ರ ಸುಮಾರಿಗೆ ಬೆಳ್ತಂಗಡಿ ತಾಲೂಕಿನ ನಿಡ್ಲೆ, ಪಟ್ರಮೆ, ಶಿಬಾಜೆ ಭಾಗದಲ್ಲಿ ಬಂದದ್ದು ಈ ಕಾಯಿಲೆಯ ಇತಿಹಾಸದಲ್ಲೇ ದೊಡ್ಡ ಹಾವಳಿಗಳಲ್ಲಿ ಒಂದು. ನಿಡ್ಲೆಯಲ್ಲಿ ಗೇರು ತೋಟಕ್ಕೆಂದು ಹಳೆಯ ಕಾಡು ಕಡಿದ ಬೆನ್ನಿಗೇ ಅದು ಶುರುವಾಗಿತ್ತು. ಮಂಗಗಳು ಸತ್ತವು, ಕಾಡಿನಲ್ಲಿ ಕೆಲಸ ಮಾಡುತ್ತಿದ್ದವರು ಜ್ವರದಲ್ಲಿ ಮಲಗಿದರು, ತುಂಬಾ ಜನ ಹೋದರು. ಆ ಕಡೆಯ ಹಿರಿಯರನ್ನು ಕೇಳಿದರೆ ಈಗಲೂ ಹೇಳುತ್ತಾರೆ.

2019ರ ಜನವರಿಯಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಕಾಯಿಲೆ ಜೋರಾಗಿದ್ದಾಗ ಅಲ್ಲಿಯ ರೋಗಿಗಳು ಘಾಟಿ ಇಳಿದು ಮಣಿಪಾಲದ ಆಸ್ಪತ್ರೆಗೆ ಬಂದರು. ಅದೇ ಸಮಯಕ್ಕೆ ಉಡುಪಿ ಜಿಲ್ಲೆಯಲ್ಲೂ ಹಲವು ಕಡೆ ಸತ್ತ ಮಂಗಗಳು ಸಿಕ್ಕಿದವು, ಕೆಲವುದರಲ್ಲಿ ವೈರಸ್ ಇತ್ತು. ಕೊಲ್ಲೂರಿನ ಮೂಕಾಂಬಿಕಾ, ಸೋಮೇಶ್ವರ, ಕುದುರೆಮುಖ, ಇವೆಲ್ಲ ಶಿವಮೊಗ್ಗ, ಚಿಕ್ಕಮಗಳೂರಿನ ಕಾಡಿಗೆ ಸೇರಿಕೊಂಡೇ ಇರುವ ಕಾಡುಗಳು. ಮಂಗಕ್ಕೂ ಉಣ್ಣಿಗೂ ಜಿಲ್ಲೆಯ ಗಡಿ ಗೊತ್ತಿಲ್ಲ. ಅಳಿವಿನಂಚಿನ ಸಿಂಗಳೀಕ ಇರುವುದೂ ಇದೇ ಕಾಡುಗಳಲ್ಲಿ, ಅದನ್ನೂ ಮರೆಯಬಾರದು.

ಹಾಗಾದರೆ ಮಂಗವೇ ಕಾಯಿಲೆ ಹರಡುವುದಲ್ವಾ?

ಅರ್ಧ ಸತ್ಯ. ವೈರಸ್ ವರ್ಷಪೂರ್ತಿ ಉಳಿದುಕೊಳ್ಳುವುದು ಉಣ್ಣಿಗಳಲ್ಲಿ ಮತ್ತು ಇಲಿ, ಸುಂಡಿಲಿಯಂಥ ಸಣ್ಣ ಪ್ರಾಣಿಗಳಲ್ಲಿ. ಅವುಗಳಿಗೆ ಹೆಚ್ಚೇನೂ ಆಗುವುದಿಲ್ಲ. ಮಳೆಗಾಲದಲ್ಲಿ ದೊಡ್ಡ ಉಣ್ಣಿಗಳು ದನ, ಕಾಡುಪ್ರಾಣಿಗಳ ರಕ್ತ ಕುಡಿದು ನೆಲದಲ್ಲಿ ಮೊಟ್ಟೆ ಇಡುತ್ತವೆ. ಮಳೆ ನಿಂತ ಮೇಲೆ ಮರಿಗಳು ಹೊರಬರುತ್ತವೆ. ನವೆಂಬರ್ ಡಿಸೆಂಬರ್‌ನಿಂದ ಮೇ ತನಕ ಅವು ಎರಡನೇ ಹಂತದಲ್ಲಿರುತ್ತವೆ, ಎಳ್ಳಿನಷ್ಟು ಸಣ್ಣ. ಮಂಗಕ್ಕೂ ನಮಗೂ ಕಚ್ಚುವುದು ಮುಖ್ಯವಾಗಿ ಇವೇ.

ಕಚ್ಚಿದರೆ ಮಂಗಕ್ಕೆ ಜೋರು ಜ್ವರ ಬರುತ್ತದೆ, ರಕ್ತದಲ್ಲಿ ವೈರಸ್ ತುಂಬುತ್ತದೆ, ಆಗ ಹೊಸ ಉಣ್ಣಿಗಳಿಗೂ ಹತ್ತುತ್ತದೆ. ಈ ಮಟ್ಟಿಗೆ ಮಂಗನಿಂದ ಹೆಚ್ಚಾಗುತ್ತದೆ ನಿಜ. ಆದರೆ ಮಂಗವೂ ನಮ್ಮ ಹಾಗೆ ಪೆಟ್ಟು ತಿನ್ನುವ ಜೀವ, ನಮಗಿಂತ ಮೊದಲು ತಿನ್ನುತ್ತದೆ. ಮುಸುವಗಳಂತೂ ಇನ್ನೂ ಬೇಗ ಸಾಯುತ್ತವೆ. ಅವು ಬೀಳುವುದನ್ನು ನೋಡಿಯೇ ನಮಗೆ ಗೊತ್ತಾಗುವುದು ಕಾಡಿನಲ್ಲಿ ವೈರಸ್ ಎದ್ದಿದೆ ಅಂತ.

ಸತ್ತ ಮಂಗ ಎಲ್ಲವೂ ಇದೇ ಕಾಯಿಲೆಯದ್ದಾ?

ಇಲ್ಲ. ಕರೆಂಟ್ ತಂತಿ, ರಸ್ತೆಯಲ್ಲಿ ವಾಹನ, ನಾಯಿ ಕಚ್ಚುವುದು, ವಿಷ, ಮುಪ್ಪು, ಕಾರಣ ಹತ್ತಾರು. ಹೆದ್ದಾರಿಯಲ್ಲಿ ಜಜ್ಜಿಹೋದ ಮಂಗಕ್ಕೆ ಕೆಎಫ್‌ಡಿ ಅಂತ ವಾಟ್ಸಾಪ್‌ನಲ್ಲಿ ಹಾಕಿ ಊರಿಡೀ ಹೆದರಿಸುವುದು ಬೇಡ. ಪೆಟ್ಟಿನ ಗುರುತಿಲ್ಲದೆ ಕಾಡಿನ ಅಂಚಿನಲ್ಲಿ ಬಿದ್ದಿದ್ದರೆ, ಅದರಲ್ಲೂ ಒಂದೇ ವಾರದಲ್ಲಿ ಒಂದಕ್ಕಿಂತ ಹೆಚ್ಚು ಸತ್ತಿದ್ದರೆ ಸಂಶಯ ಪಡಲೇಬೇಕು. ಯಾವುದಕ್ಕೂ ಹೇಳಿಬಿಡಿ, ತೀರ್ಮಾನ ಲ್ಯಾಬ್‌ನವರು ಮಾಡಲಿ.

ಇನ್ನೂ ಜೀವ ಇದೆ, ಮರದ ಕೆಳಗೆ ತೂಕಡಿಸುತ್ತಾ ಕೂತಿದೆ. ನೀರು ಕೊಡಬಹುದಾ?

ಕರುಳು ಚುರ್ ಅನ್ನುತ್ತದೆ, ಗೊತ್ತು. ಆದರೂ ಹತ್ತಿರ ಹೋಗಬೇಡಿ. ಗುಂಪು ಬಿಟ್ಟು ಒಂಟಿಯಾಗಿ ನೆಲಕ್ಕಿಳಿದು ಕೂತ, ಓಡಿಸಿದರೂ ಓಡದ ಮಂಗ ಅಂದರೆ ಕಾಯಿಲೆಯ ಮಂಗ ಅಂತಲೇ ತಿಳಿಯಿರಿ. ಕಚ್ಚಿದರೆ ರೇಬೀಸ್ ಭಯ ಬೇರೆ. ಗೋಣಿಯಲ್ಲಿ ಹಾಕಿ ಬೈಕಿನಲ್ಲಿ ಆಸ್ಪತ್ರೆಗೆ ಒಯ್ಯುವ ಸಾಹಸವಂತೂ ಬೇಡವೇ ಬೇಡ. 1926ಕ್ಕೆ ಹೇಳಿ, ಅಲ್ಲಿಯ ತನಕ ನಾಯಿಗಳನ್ನು ಕಟ್ಟಿ ಹಾಕಿ. ಅದರ ಪಾಲಿಗೆ ಆ ಹೊತ್ತಿನಲ್ಲಿ ನಾವು ಮಾಡಬಹುದಾದ ದೊಡ್ಡ ಉಪಕಾರ ನಾಯಿಗಳಿಂದ ಉಳಿಸುವುದು.

ಮಂಗಗಳನ್ನೇ ಹಿಡಿದು ದೂರದ ಕಾಡಿಗೆ ಬಿಟ್ಟರೆ? ತೋಟವೂ ಉಳಿಯಿತು, ಕಾಯಿಲೆಯೂ ಹೋಯಿತು.

ತೆಂಗು, ಬಾಳೆ, ಅಡಿಕೆ ಬೆಳೆದವರ ಸಿಟ್ಟು ಸುಳ್ಳಲ್ಲ. ಎಳನೀರು ಕಿತ್ತು ಎಸೆದು ಹೋದ ತೋಟ ನೋಡಿದರೆ ಯಾರಿಗೂ ಹೊಟ್ಟೆ ಉರಿಯುತ್ತದೆ. ಆದರೆ ಕಾಯಿಲೆಯ ಸಮಯದಲ್ಲಿ ಮಂಗ ಹಿಡಿದು ಬೇರೆ ಕಡೆ ಬಿಡುವುದು ಅಂದರೆ ಉಣ್ಣಿ ಮತ್ತು ವೈರಸ್ ಎರಡನ್ನೂ ಗಾಡಿಯಲ್ಲಿ ಹೇರಿ ಹೊಸ ಊರಿಗೆ ತಲುಪಿಸಿದ ಹಾಗೆ. ಹಿಡಿಯುವವರಿಗೂ ಅಪಾಯ. ಖಾಲಿಯಾದ ಜಾಗಕ್ಕೆ ಪಕ್ಕದ ಗುಂಪು ಬರುತ್ತದೆ. ಗುಂಡು, ವಿಷದ ಮಾತಂತೂ ಆಡಲೇಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ. ಮಂಗವನ್ನು ಕೊಂದರೂ ನೆಲದಲ್ಲಿರುವ ಉಣ್ಣಿ ಅಲ್ಲೇ ಇರುತ್ತದೆ, ಮಂಗ ಸಿಗದಿದ್ದರೆ ನಮ್ಮ ಕಾಲಿಗೆ ಹತ್ತುತ್ತದೆ.

ತೋಟದ ಸಮಸ್ಯೆಗೆ ಪರಿಹಾರ ಬೇಕು, ಒಪ್ಪುತ್ತೇನೆ. ಅದನ್ನು ಜನವರಿಯಲ್ಲಿ ಈ ಕಾಯಿಲೆಯ ಹೆಸರಿನಲ್ಲಿ ಮಾಡುವುದು ಬೇಡ.

ಮಂಗ ಹೋದರೆ ಏನು ಕಳೆದುಕೊಳ್ಳುತ್ತೇವೆ? ಎಷ್ಟೊಂದು ಇವೆಯಲ್ಲ!

ನಮ್ಮ ಅಂಗಳಕ್ಕೆ ಬರುವ ಈ ಸಾಮಾನ್ಯ ಮಂಗ ಪ್ರಪಂಚದಲ್ಲಿ ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲ. ಊರು, ರಸ್ತೆ, ದೇವಸ್ಥಾನದ ಬಳಿ ಗುಂಪುಗಟ್ಟಿರುವುದರಿಂದ ಜಾಸ್ತಿ ಕಾಣುತ್ತವೆ ಅಷ್ಟೇ, ಒಟ್ಟಾರೆ ಸಂಖ್ಯೆ ಇಳಿಯುತ್ತಿದೆ ಅಂತ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಅಪಾಯಕ್ಕೆ ಸಿಲುಕಬಹುದಾದ ಪ್ರಾಣಿಗಳ ಸಾಲಿಗೆ ಸೇರಿಸಿದ್ದಾರೆ. ಕಾಡಿನ ಹಣ್ಣು ತಿಂದು ಬೀಜವನ್ನು ದೂರ ದೂರ ಬೀಳಿಸುವ ಕೆಲಸ ಮಂಗಗಳದ್ದು. ಕಾಯಿಲೆ ಬಂದರೆ ಒಂದೊಂದು ಮಂಗ ಅಲ್ಲ, ಕೆಲವೊಮ್ಮೆ ಒಂದು ಗುಂಪಿನ ಬಹುಪಾಲು ಹೋಗುತ್ತದೆ. ಮರಿ ಹೊತ್ತ ತಾಯಿಯೂ ಹೋಗುತ್ತದೆ. ಅದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ.

ಮಂಗಗಳಿಗೆ ಲಸಿಕೆ ಹಾಕಬಹುದಲ್ಲ?

ಕಾಡು ಮಂಗಗಳಿಗೆ ಹಾಕುವ ಲಸಿಕೆ ಇಲ್ಲ. ಅವುಗಳನ್ನು ಉಳಿಸಲು ನಮ್ಮ ಕೈಯಲ್ಲಿರುವುದು ಮೂರೇ: ಸತ್ತದ್ದು ಬೇಗ ಗೊತ್ತಾಗುವುದು, ಆ ಜಾಗದ ಉಣ್ಣಿ ಕಡಿಮೆ ಮಾಡುವುದು, ಕಾಡನ್ನು ತುಂಡು ತುಂಡು ಮಾಡದೆ ಬಿಡುವುದು.

ಮನುಷ್ಯರಿಗೆ?

1990ರಿಂದ ಒಂದು ಲಸಿಕೆ ಕೊಡುತ್ತಿದ್ದರು. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿತ್ತು, ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್‌ಗಳು. ಅದರ ಶಕ್ತಿ ಸಾಲುತ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಲಸಿಕೆ ಕಂಪನಿ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ಹೊಸದನ್ನು ತಯಾರಿಸುವ ಕೆಲಸ ನಡೆಸಿದ್ದಾರೆ. ಅದು ನಿಮ್ಮ ಆರೋಗ್ಯ ಕೇಂದ್ರಕ್ಕೆ ಬರುವ ತನಕ ಉಣ್ಣಿ ಹತ್ತದಂತೆ ಹಚ್ಚುವ ಎಣ್ಣೆ, ಮೈ ಮುಚ್ಚುವ ಬಟ್ಟೆ, ಎಚ್ಚರ, ಇಷ್ಟರಲ್ಲೇ ನಡೆಯಬೇಕು.

ಹಾಡಿಗೆ ಹೋಗದೆ ಆಗುವುದಿಲ್ಲ. ಸೊಪ್ಪು, ತರಗೆಲೆ, ಕಟ್ಟಿಗೆ ಎಲ್ಲ ಅಲ್ಲಿಂದಲೇ. ಏನು ಮಾಡುವುದು?

ಹೋಗಬೇಡಿ ಅಂತ ಕುರ್ಚಿಯಲ್ಲಿ ಕೂತು ಹೇಳುವುದು ಸುಲಭ. ಹಟ್ಟಿಗೆ ಸೊಪ್ಪು ತರುವವರಿಗೆ ಆ ಮಾತಿನಿಂದ ಉಪಯೋಗ ಇಲ್ಲ. ಹಾಗಾಗಿ ಹೀಗೆ ಮಾಡಿ. ವರ್ಷಕ್ಕೆ ಬೇಕಾದ ತರಗೆಲೆ, ಕಟ್ಟಿಗೆಗೆ ಬೇರೆ ವ್ಯವಸ್ಥೆ ಆಗುತ್ತದಾ ನೋಡಿ, ಮಂಗ ಸತ್ತ ಕಡೆಗಂತೂ ಆ ಬೇಸಿಗೆ ಕಾಲಿಡಲೇಬೇಡಿ. ಹೋಗುವಾಗ ತುಂಬು ತೋಳಿನ ಅಂಗಿ, ಪ್ಯಾಂಟ್ ಹಾಕಿ, ಪ್ಯಾಂಟಿನ ತುದಿ ಸಾಕ್ಸ್ ಒಳಗೆ ಇರಲಿ. ಸೀರೆ, ನೈಟಿಯಲ್ಲಿ ಹೋಗುವವರು ಒಳಗೆ ಒಂದು ಪ್ಯಾಂಟ್ ಹಾಕಿಕೊಳ್ಳಿ, ನಗುವವರು ನಗಲಿ. ಬಣ್ಣ ತಿಳಿಯಾಗಿದ್ದರೆ ಹತ್ತಿದ ಉಣ್ಣಿ ಬೇಗ ಕಾಣುತ್ತದೆ.

ಆರೋಗ್ಯ ಇಲಾಖೆ ಉಣ್ಣಿ ಹತ್ತದಂತೆ ಮೈಗೆ ಹಚ್ಚಲು ಡೇಪಾ ಎಣ್ಣೆ ಅಂತ ಕೊಡುತ್ತದೆ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವರು ತಯಾರಿಸಿದ್ದು. ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ ತೆಗೆದುಕೊಳ್ಳಿ. ಕಾಡಿಗೆ ಹೊರಡುವ ಮುಂಚೆ ಕೈಕಾಲು, ಕುತ್ತಿಗೆಗೆ ಹಚ್ಚಿ. ಕಣ್ಣು, ಬಾಯಿ, ಗಾಯಕ್ಕೆ ತಾಗಬಾರದು. ಬೆವರಿಗೆ ಹೋಗಿಬಿಡುತ್ತದೆ, ಹಾಗಾಗಿ ಕೆಲವು ಗಂಟೆ ಬಿಟ್ಟು ಮತ್ತೆ ಹಚ್ಚಬೇಕು. ಬಾಟಲಿ ತಂದು ಕಿಟಕಿಯಲ್ಲಿ ಇಟ್ಟರೆ ಪ್ರಯೋಜನ ಇಲ್ಲ ಮಾರಾಯ್ರೆ, ದಯವಿಟ್ಟು ಹಚ್ಚಿ!

ಬಂದ ಮೇಲೆ ಬಟ್ಟೆ ಬಿಸಿನೀರಿಗೆ, ನೀವು ಸ್ನಾನಕ್ಕೆ. ತರಗೆಲೆಯ ಮೇಲೆ ಕೂರುವುದು, ಮಲಗುವುದು ಬೇಡ.

ಉಣ್ಣಿ ಕಚ್ಚಿಕೊಂಡಿದೆ. ಸೀಮೆಎಣ್ಣೆ ಹಾಕಲಾ?

ಬೇಡ. ಬೆಂಕಿಕಡ್ಡಿ ತಾಗಿಸುವುದೂ ಬೇಡ. ಸಣ್ಣ ಚಿಮುಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ನಿಧಾನ ಎಳೆಯಿರಿ. ಉಗುರಿನಲ್ಲಿ ಕುಕ್ಕಿ ಒಡೆಯುವ ಅಭ್ಯಾಸ ಬಿಡಿ. ಆಮೇಲೆ ಸೋಪಿನಲ್ಲಿ ಕೈ ಮತ್ತು ಕಚ್ಚಿದ ಜಾಗ ತೊಳೆಯಿರಿ. ಹುಡುಕುವಾಗ ಮೊಣಕಾಲಿನ ಹಿಂದೆ, ಕಂಕುಳು, ಸೊಂಟ, ಕಿವಿ ಹಿಂದೆ, ಮಕ್ಕಳ ತಲೆಕೂದಲು ಬಿಡಬೇಡಿ. ಕಚ್ಚಿದ ತಾರೀಕು ಬರೆದಿಡಿ.

ಜ್ವರ ಬಂದರೆ?

ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಒಮ್ಮೆಲೇ ಜೋರು ಜ್ವರ, ಹಣೆ ಸಿಡಿಯುವ ತಲೆನೋವು, ಏಳಲಾಗದಷ್ಟು ಮೈಕೈ ನೋವು. ವಾಂತಿ, ಭೇದಿ, ಕಣ್ಣು ಕೆಂಪಾಗುವುದು, ಕೆಲವರಿಗೆ ಮೂಗು, ಒಸಡಿನಲ್ಲಿ ರಕ್ತ. ಡೆಂಗಿ, ಇಲಿಜ್ವರವೂ ನಮ್ಮಲ್ಲಿ ಇರುವುದರಿಂದ ಡಾಕ್ಟರಿಗೆ ಗೊಂದಲ ಆಗಬಹುದು. ಅದಕ್ಕೇ ನೀವಾಗಿಯೇ ಬಾಯಿಬಿಟ್ಟು ಹೇಳಿ: ಕಾಡಿಗೆ ಹೋಗಿದ್ದೆ, ಉಣ್ಣಿ ಕಚ್ಚಿತ್ತು, ನಮ್ಮ ಕಡೆ ಮಂಗ ಸತ್ತಿತ್ತು. ಈ ಒಂದು ಮಾತಿನಿಂದ ರಕ್ತಪರೀಕ್ಷೆ ಸರಿಯಾದ ದಾರಿಗೆ ಹೋಗುತ್ತದೆ.

ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಬೇಗ ಆಸ್ಪತ್ರೆ ಸೇರಿ ನೀರಿನಂಶ, ರಕ್ತದೊತ್ತಡ ನೋಡಿಕೊಂಡರೆ ಹೆಚ್ಚಿನವರು ಗುಣವಾಗುತ್ತಾರೆ. ನೂರರಲ್ಲಿ ಮೂರರಿಂದ ಐದು ಜನ ಸಾಯುವ ಕಾಯಿಲೆ, ಹಾಗಾಗಿ ಹಗುರ ಮಾಡಬೇಡಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿ ಮನೆಯಲ್ಲೇ ಇರಬೇಡಿ, ಕೆಲವು ಮಾತ್ರೆಗಳಿಂದ ರಕ್ತಸ್ರಾವ ಹೆಚ್ಚಾಗುತ್ತದೆ. ಜ್ವರ ಬಿಟ್ಟು ಒಂದೆರಡು ವಾರಕ್ಕೆ ಕೆಲವರಿಗೆ ಮತ್ತೆ ಬರುತ್ತದೆ, ಆಗ ಕುತ್ತಿಗೆ ಬಿಗಿತ, ನಡುಕ, ಗೊಂದಲದ ಮಾತು ಕಂಡರೆ ಒಂದು ಗಂಟೆಯೂ ಕಾಯಬೇಡಿ. ಒಬ್ಬರಿಂದ ಒಬ್ಬರಿಗೆ ಇದು ಹರಡುವುದಿಲ್ಲ. ರೋಗಿಯನ್ನು ದೂರ ಇಡುವುದು ಅನ್ಯಾಯ.

ದನ, ನಾಯಿಗೆ ಏನಾಗುತ್ತದೆ?

ದನ ಇದರಿಂದ ಸಾಯುವುದಿಲ್ಲ, ಆದರೆ ಮೇದು ಬರುವಾಗ ಉಣ್ಣಿಗಳನ್ನು ಹಟ್ಟಿಗೆ ತರುತ್ತದೆ. ಬೆನ್ನಿಗೆ ಹಾಕುವ ಉಣ್ಣಿ ಔಷಧಿಯನ್ನು ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ. ನಾಯಿಗೂ ಹಾಗೇ, ಮೈ ನೋಡುತ್ತಿರಿ.

ಹಾಲು, ಮಂಗ ಕಚ್ಚಿಟ್ಟ ಹಣ್ಣು, ಬಾವಿ ನೀರು?

ಹಾಲು ಕಾಯಿಸಿ ಕುಡಿಯಿರಿ, ಈ ಕಾಯಿಲೆಗೆ ಹೆದರಿ ಬಿಡಬೇಕಾಗಿಲ್ಲ. ಮಂಗ ಕಚ್ಚಿದ ಹಣ್ಣು ಎಸೆಯಿರಿ, ಇದಕ್ಕಾಗಿ ಅಲ್ಲದಿದ್ದರೂ ಬೇರೆ ಸೋಂಕುಗಳಿವೆ. ಬಾವಿಗೆ ಮಂಗ ಬಿದ್ದು ಸತ್ತಿದ್ದರೆ ಪಂಚಾಯತ್‌ಗೆ ಹೇಳಿ, ತೆಗೆಸಿ, ನೀರು ಖಾಲಿ ಮಾಡಿ ಬ್ಲೀಚಿಂಗ್ ಪೌಡರ್ ಹಾಕಿಸದೆ ಕುಡಿಯಬೇಡಿ.

ತರಗೆಲೆಗೆ ಬೆಂಕಿ ಕೊಟ್ಟರೆ ಉಣ್ಣಿ ಸಾಯುತ್ತದಲ್ಲ?

ಮಾರ್ಚ್ ತಿಂಗಳ ಗುಡ್ಡೆಗೆ ಕೊಟ್ಟ ಬೆಂಕಿ ನೀವು ಹೇಳಿದಲ್ಲಿ ನಿಲ್ಲುವುದಿಲ್ಲ. ಮರಿಹಕ್ಕಿ, ಆಮೆ, ಹಾವು, ಗೇರು ಗಿಡ ಎಲ್ಲ ಹೋಗುತ್ತವೆ. ಅರಣ್ಯಕ್ಕೆ ಬೆಂಕಿ ಹಾಕುವುದು ಅಪರಾಧ ಕೂಡ. ಬೇಡ.

ಆಗುಂಬೆ ಘಾಟಿಯ ತಿರುವಿನಲ್ಲಿ ಮಂಗಗಳಿಗೆ ಬಾಳೆಹಣ್ಣು ಕೊಡುತ್ತೇವೆ. ಪುಣ್ಯದ ಕೆಲಸ ಅಲ್ವಾ?

ಮನಸ್ಸು ಒಳ್ಳೆಯದೇ. ಆದರೆ ಬೇರೆ ಬೇರೆ ಗುಂಪುಗಳು ಒಂದೇ ಕಡೆ ಸೇರಿದರೆ ಉಣ್ಣಿಗೂ ವೈರಸ್‌ಗೂ ಅನುಕೂಲ. ಗಾಡಿಯಡಿಗೆ ಬೀಳುವುದೂ ಅಲ್ಲೇ. ಗಾಡಿ ನಿಲ್ಲಿಸದೆ ಹೋಗಿ.

ಕಾಯಿಲೆ ಬರುವ ಮುಂಚೆ ನಮ್ಮ ಊರಿನವರು ಏನು ತಯಾರಿ ಮಾಡಬಹುದು?

ನವೆಂಬರ್‌ನಲ್ಲೇ ಪಂಚಾಯತ್ ಸಭೆಯಲ್ಲಿ ಈ ವಿಷಯ ಎತ್ತಿ. ಡೇಪಾ ಎಣ್ಣೆಯ ದಾಸ್ತಾನು ಎಷ್ಟಿದೆ, ಮಂಗ ಸತ್ತರೆ ಯಾವ ಪಶು ವೈದ್ಯರು ಬರುತ್ತಾರೆ, ರಕ್ಷಣಾ ಉಡುಪು ಉಂಟಾ ಅಂತ ಕೇಳಿ, ಬಾಯಿಮಾತಿನಲ್ಲಿ ಬಿಡದೆ ನಡಾವಳಿಯಲ್ಲಿ ಬರೆಸಿ. ಕಾಡಿಗೆ ದಿನಾ ಹೋಗುವವರು ಯಾರು ಅಂತ ವಾರ್ಡ್‌ವಾರು ಒಂದು ಪಟ್ಟಿ ಇರಲಿ: ಸೊಪ್ಪು ತರುವವರು, ದನ ಮೇಯಿಸುವವರು, ಗೇರು ಬೀಜ ಹೆಕ್ಕುವವರು, ಜೇನು ತೆಗೆಯುವವರು, ಕೊರಗ ಮತ್ತು ಮಲೆಕುಡಿಯ ಕುಟುಂಬಗಳು. ಮೊದಲ ಎಣ್ಣೆ ಬಾಟಲಿ ಇವರ ಮನೆಗೆ ಹೋಗಬೇಕು. ಸತ್ತ ಮಂಗವನ್ನು ಮೊದಲು ನೋಡುವವರೂ ಇವರೇ, ಹಾಗಾಗಿ ಇವರೆಲ್ಲರ ಮೊಬೈಲ್‌ನಲ್ಲಿ 1926 ಸೇವ್ ಆಗಿರಲಿ. ಶಾಲೆಯ ಗೋಡೆ, ಹಾಲಿನ ಡೇರಿ, ರೇಷನ್ ಅಂಗಡಿ, ಭಜನಾ ಮಂದಿರದ ಬೋರ್ಡ್‌ನಲ್ಲಿ ಅದೇ ನಂಬರ್ ದೊಡ್ಡದಾಗಿ ಬರೆಸಿ.